ತಂತಿ ಸುಲಭ, ಬತ್ತಿ ಕಷ್ಟ

ಸುಟ್ಟ ಹತ್ತಿಯ ಕಮಟು ಒಮ್ಮೆ ಗಂಟಲಿಗೆ ಇಳಿಯಿತೆಂದರೆ ಆ ದಿನವೆಲ್ಲ ಬಾಯಿಗೆ ಬೇರೆ ರುಚಿ ಹತ್ತುವುದಿಲ್ಲ. 2017ರ ಚಳಿಗಾಲದಲ್ಲಿ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಇ-ಸಿಗರೇಟಿಗೆಂದು ನಾನು ಕೈಯಾರೆ ಸುತ್ತಿದ ಮೊದಲ ಕಾಯಿಲ್, ಅಂದರೆ ದ್ರವವನ್ನು ಕಾಯಿಸಿ ಆವಿ ಮಾಡುವ ತಂತಿಸುರುಳಿ, ನನಗೆ ಕೊಟ್ಟದ್ದು ಅದನ್ನೇ. ತಂತಿಯಲ್ಲಿ ತಪ್ಪಿರಲಿಲ್ಲ, ಸುತ್ತುಗಳು ಒಂದಕ್ಕೊಂದು ಅಂಟಿ ಚೆನ್ನಾಗಿಯೇ ಕೂತಿದ್ದವು. ಓಮ್ ಮೀಟರ್ ಕೂಡ ಬೇಕಾದ ಅಂಕಿಯನ್ನೇ ತೋರಿಸಿತ್ತು. ಕೆಟ್ಟದ್ದು ಬತ್ತಿ, ದ್ರವವನ್ನು ಹೀರಿ ತಂತಿಗೆ ಮುಟ್ಟಿಸುವ ಹತ್ತಿ.

ಹದಿನಾಲ್ಕು ವರ್ಷ ಸಿಗರೇಟು ಸೇದಿದವನು ನಾನು. ತುಮಕೂರಿನ ಹಾಸ್ಟೆಲಿನಲ್ಲಿ ಶುರುವಾದ ಚಟ ಕೆಲಸದ ಜೊತೆಗೇ ಇಂಗ್ಲೆಂಡಿಗೂ ಬಂತು. ನಿಕೋಟಿನ್ ಅಂಟುಪಟ್ಟಿ, ಚ್ಯೂಯಿಂಗ್ ಗಮ್ ಎಲ್ಲ ಮುಗಿಸಿದ ಮೇಲೆ, ಧೂಮಪಾನ ಬಿಡಿಸುವ ಕೇಂದ್ರದ ನರ್ಸ್ ಒಬ್ಬರು ಇ-ಸಿಗರೇಟನ್ನು ಪ್ರಯತ್ನಿಸಿ ನೋಡಿ ಎಂದರು. ಅದು ನನಗೆ ಹಿಡಿಸಿತು. ಆದರೆ ಅಂಗಡಿಯ ಸಿದ್ಧ ಕಾಯಿಲ್‌ಗಳು ಒಂದೊಂದು ವಾರಕ್ಕೇ ಕರಿಕಟ್ಟಿ ಹೋಗುತ್ತಿದ್ದವು. ದ್ರವದಲ್ಲಿರುವ ಸಿಹಿಕಾರಕ ಕಾದು ತಂತಿಯ ಮೇಲೆ ಕಪ್ಪು ಹೊಪ್ಪಳೆಯಾಗಿ ಕೂರುತ್ತದೆ. ವಾರಕ್ಕೊಂದು ಕಾಯಿಲ್ ಕೊಳ್ಳುವ ಖರ್ಚಿಗಿಂತ, ಶನಿವಾರ ರಾತ್ರಿ ಕಾಯಿಲ್ ಸತ್ತು ಭಾನುವಾರ ಬೆಳಿಗ್ಗೆ ಮತ್ತೆ ಸಿಗರೇಟಿನ ಅಂಗಡಿಯ ಕಡೆ ಕಾಲೆಳೆಯುವುದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹಾಗಾಗಿ ದ್ರವ ತುಂಬುವ, ಬಿಚ್ಚಿ ಕಟ್ಟಬಹುದಾದ ಒಂದು ಟ್ಯಾಂಕ್, ಹತ್ತು ಮೀಟರ್ ತಂತಿ, ಒಂದು ಹಾಳೆ ಹತ್ತಿ ತಂದೆ.

ತಂತಿ ಕಾಂಥಾಲ್. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಮಿಶ್ರಲೋಹ, ಸ್ವೀಡನ್ನಿನಲ್ಲಿ ಹುಟ್ಟಿದ್ದು. ಬ್ರೆಡ್ ಸುಡುವ ಟೋಸ್ಟರಿನಲ್ಲಿ, ಕುಂಬಾರಿಕೆಯ ವಿದ್ಯುತ್ ಕುಲುಮೆಯಲ್ಲಿ ಕೆಂಪಗೆ ಕಾಯುವುದು ಇದೇ ಜಾತಿಯ ತಂತಿ. ನಮ್ಮ ಹಾಸ್ಟೆಲಿನ ಕಾಯಿಲ್ ಒಲೆಯ ತಂತಿ ತುಂಡಾದಾಗ ಎರಡು ತುದಿಗಳನ್ನು ಕೊಕ್ಕೆ ಹಾಕಿ ಸೇರಿಸಿ ಅನ್ನಕ್ಕಿಡುತ್ತಿದ್ದೆವು. ಪ್ರತಿ ಸಲ ತಂತಿ ಗಿಡ್ಡವಾಗುತ್ತಿತ್ತು, ಒಲೆ ಇನ್ನಷ್ಟು ಜೋರಾಗಿ ಕಾಯುತ್ತಿತ್ತು. ತಂತಿ ಗಿಡ್ಡವಾದಷ್ಟೂ ರೋಧ ಕಡಿಮೆ, ಕರೆಂಟು ಹೆಚ್ಚು ಎಂಬ ಲೆಕ್ಕ ನನ್ನ ತಲೆಗೆ ಇಳಿದದ್ದು ಆ ಒಲೆಯಿಂದಲೇ.

ನಾನು ಬಳಸುವುದು 26 ಗೇಜ್, ಅಂದರೆ ಸುಮಾರು 0.4 ಮಿಲಿಮೀಟರ್ ದಪ್ಪ. ಒಂದು ಮೀಟರಿಗೆ ಸುಮಾರು 11.3 ಓಮ್. 3 ಮಿಲಿಮೀಟರಿನ ಡ್ರಿಲ್ ಬಿಟ್‌ನ ನುಣುಪಾದ ಹಿಡಿಯ ಮೇಲೆ ಏಳು ಸುತ್ತು ಸುತ್ತಿದರೆ, ಎರಡು ಕಾಲುಗಳೂ ಸೇರಿ ಎಂಟೂವರೆ ಸೆಂಟಿಮೀಟರ್ ತಂತಿ ಬೇಕು. ರೋಧ 0.95 ಓಮಿನ ಆಸುಪಾಸು ಬರುತ್ತದೆ. ಸುತ್ತುವಾಗ ತಂತಿಯ ಒಂದು ತುದಿಯನ್ನು ಹೆಬ್ಬೆರಳಿನ ಅಡಿಯಲ್ಲಿ ಒತ್ತಿ ಹಿಡಿಯುತ್ತೇನೆ. ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಕಚ್ಚಿಸಿ ಎಳೆದುಕೊಂಡೇ ಇರುತ್ತೇನೆ. ಸುತ್ತುವುದು ತಂತಿಯನ್ನಲ್ಲ, ಡ್ರಿಲ್ ಬಿಟ್ಟನ್ನು. ಇದು ತಿಳಿಯಲು ನನಗೆ ಆರೇಳು ಕಾಯಿಲ್ ಹಾಳಾಗಬೇಕಾಯಿತು. ತಂತಿಯನ್ನು ಸುತ್ತಹೋದರೆ ಬಿಗಿ ತಪ್ಪಿ ಸುತ್ತುಗಳ ನಡುವೆ ಸಂದು ಬೀಳುತ್ತದೆ.

ಬಿಟ್ಟನ್ನು ತೆಗೆಯದೆಯೇ ಕಾಲುಗಳನ್ನು ಟ್ಯಾಂಕಿನ ಎರಡು ಕಂಬಗಳಿಗೆ ಸಿಕ್ಕಿಸಿ ತಿರುಪು ಬಿಗಿ ಮಾಡುತ್ತೇನೆ. ಹೊರಗೆ ಉಳಿದ ತುದಿಯನ್ನು ಉಗುರು ಕತ್ತರಿಸುವ ಕಟರಿನಿಂದ ಬುಡದವರೆಗೂ ಕತ್ತರಿಸಬೇಕು. ಅರ್ಧ ಮಿಲಿಮೀಟರ್ ಉಳಿದರೂ ಅದು ಮುಚ್ಚಳಕ್ಕೆ ತಾಗಿ ಶಾರ್ಟ್ ಆಗಬಹುದು. ಆಮೇಲೆ ಹತ್ತಿ ಇಲ್ಲದೆ, ಕಿಟಕಿ ತೆರೆದಿಟ್ಟು, ಅರೆಕ್ಷಣಕ್ಕೊಮ್ಮೆ ಗುಂಡಿ ಒತ್ತುತ್ತಾ ಕಾಯಿಸುತ್ತೇನೆ. ಮೊದಲಿಗೆ ಒಂದು ಸುತ್ತು ಮಾತ್ರ ಬೆಳ್ಳಗೆ ಉರಿಯುತ್ತದೆ, ಉಳಿದವು ಸುಮ್ಮನಿರುತ್ತವೆ. ಗುಂಡಿ ಬಿಟ್ಟು, ಪಿಂಗಾಣಿ ತುದಿಯ ಚಿಮುಟದಿಂದ ಕಾಯಿಲನ್ನು ಮೆಲ್ಲಗೆ ಅದುಮಿ, ಮತ್ತೆ ಒತ್ತಬೇಕು. ಹೀಗೆ ಹತ್ತು ಹದಿನೈದು ಸಲ. ಕಾದ ತಂತಿಯ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ ಕಟ್ಟಿಕೊಂಡು ಒಂದು ಸುತ್ತನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಆಗ ಕಾಯಿಲ್ ನಟ್ಟನಡುವೆ ಕೆಂಪಾಗತೊಡಗಿ ಆ ಕೆಂಪು ಎರಡೂ ತುದಿಗಳಿಗೆ ಸಮನಾಗಿ ಹರಡುತ್ತದೆ. ನೂರಾರು ಕಾಯಿಲ್ ಕಟ್ಟಿದ ಮೇಲೂ ಆ ಗಳಿಗೆಗೆ ನಾನು ಕಾಯುತ್ತೇನೆ. ನಿಕಲ್ ತಂತಿಯನ್ನು ಮಾತ್ರ ಹೀಗೆ ಕೆಂಪಗೆ ಕಾಯಿಸಬಾರದು.

ಇಷ್ಟನ್ನು ಯಾರಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಬತ್ತಿ ಕಲಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಪಕ್ಕದಲ್ಲಿ ವಿಭೂತಿಯ ತುಂಡು. ಬೆರಳಿಗೆ ಅದನ್ನು ಸವರಿಕೊಂಡು ಎಳೆ ತೆಗೆದರೆ ಹತ್ತಿ ಜಾರುವುದಿಲ್ಲ. ಹೊಸೆಯುವುದಕ್ಕಿಂತ ಹಿಂಜುವುದಕ್ಕೇ ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಬೀಜದ ಚೂರು, ಗಂಟು, ಧೂಳು ಎಲ್ಲ ತೆಗೆದು ಹತ್ತಿಯನ್ನು ಹೊಗೆಯಷ್ಟು ಹಗುರ ಮಾಡುತ್ತಿದ್ದರು. ನಾನು ಹೊಸೆದ ಬತ್ತಿಯನ್ನು ಎತ್ತಿ ನೋಡಿ, "ಬಿಗಿಯಾಯಿತಪ್ಪ, ಇದಕ್ಕೆ ಎಣ್ಣೆ ಏರುವುದಿಲ್ಲ" ಎಂದು ಬದಿಗಿಡುತ್ತಿದ್ದರು.

ಶೆಫೀಲ್ಡಿನ ಅಡುಗೆಮನೆಯಲ್ಲಿ ನಾನು ಮಾಡುತ್ತಿದ್ದ ತಪ್ಪೂ ಅದೇ. ಹೆಚ್ಚು ಹತ್ತಿ ಇದ್ದರೆ ಹೆಚ್ಚು ದ್ರವ ಹಿಡಿಯುತ್ತದೆ ಎಂದುಕೊಂಡು ಕಾಯಿಲಿನ ಒಳಗೆ ತುರುಕುತ್ತಿದ್ದೆ. ದ್ರವ ಏರುವುದು ಎಳೆಗಳ ನಡುವಿನ ಸಂದಿನಲ್ಲಿ. ಸಂದೇ ಇಲ್ಲದಿದ್ದರೆ ನಡುಭಾಗ ಒಣಗಿ, ತಂತಿಯ ಶಾಖಕ್ಕೆ ಹತ್ತಿಯೇ ಸುಡುತ್ತದೆ. ಅದು ಬರೀ ಕೆಟ್ಟ ರುಚಿಯ ಮಾತಲ್ಲ. ಒಣಬತ್ತಿಯ ಮೇಲೆ ಅತಿಯಾಗಿ ಕಾದ ದ್ರವ ಫಾರ್ಮಾಲ್ಡಿಹೈಡಿನಂಥ ವಿಷಗಳನ್ನು ಬಿಡುತ್ತದೆ. ಕಮಟು ಬಂದ ಕೂಡಲೇ ಎಳೆಯುವುದನ್ನು ನಿಲ್ಲಿಸಿ ಬತ್ತಿ ಬದಲಿಸಬೇಕು. ಇನ್ನು ಹತ್ತಿ ತೀರ ಕಡಿಮೆಯಾದರೆ ದ್ರವ ಕಾಯಿಲಿನೊಳಗೆ ನುಗ್ಗಿ ಗೊರಗೊರ ಸದ್ದು ಮಾಡುತ್ತದೆ, ಬಿಸಿ ಹನಿ ನಾಲಿಗೆಗೆ ಸಿಡಿಯುತ್ತದೆ.

ಈಗ ನಾನು ಮಾಡುವುದು ಹೀಗೆ. ಬ್ಲೀಚ್ ಮಾಡದ, ವಾಸನೆ ಬೆರೆಸದ ಹತ್ತಿ ಹಾಳೆಯನ್ನು ಎಳೆಗಳ ದಿಕ್ಕಿನಲ್ಲೇ ಪಟ್ಟಿಯಾಗಿ ಕತ್ತರಿಸಿ, ಮೇಲಿನ ಕೆಳಗಿನ ಒತ್ತಿದ ಪದರಗಳನ್ನು ಸುಲಿದು ಹಾಕುತ್ತೇನೆ. ದೀಪದ ಬತ್ತಿಯಂತೆ ಹೊಸೆಯುವುದಿಲ್ಲ, ತುದಿಯನ್ನು ಮಾತ್ರ ಚೂಪಾಗಿ ತಿರುಚಿ ಕಾಯಿಲಿನೊಳಗೆ ತೂರಿಸಿ ಎಳೆಯುತ್ತೇನೆ. ಎಳೆಯುವಾಗ ಹತ್ತಿ ತಂತಿಯನ್ನು ಸವರಿಕೊಂಡು ಬರಬೇಕು. ಕಾಯಿಲ್ ಬಾಗಿದರೆ ಹತ್ತಿ ಹೆಚ್ಚಾಯಿತು, ತಡೆಯೇ ಇಲ್ಲದೆ ಜಾರಿದರೆ ಕಡಿಮೆಯಾಯಿತು. ಹೊರಗೆ ಉಳಿದ ಎರಡು ಬಾಲಗಳನ್ನು ಸೂಜಿಯಿಂದ ಬಾಚಿ, ಮೂರರಲ್ಲಿ ಒಂದು ಪಾಲು ಹತ್ತಿಯನ್ನು ಉದುರಿಸುತ್ತೇನೆ. ಆ ತುದಿಗಳು ದ್ರವದ ಕಿಂಡಿಯ ಮೇಲೆ ಹಗುರವಾಗಿ ಕೂರಬೇಕು, ಬಿರಡೆಯಂತೆ ಜಡಿಯಬಾರದು. ಗ್ಲಿಸರಿನ್ ಹೆಚ್ಚಿರುವ ದ್ರವ ಜೇನಿನಂತೆ ಮಂದ. ಅದಕ್ಕೆ ಇನ್ನೂ ಸಡಿಲ ಬತ್ತಿ ಬೇಕು. ಹನಿ ಹನಿಯಾಗಿ ನೆನೆಸಿ, ಬಿಳಿ ಹತ್ತಿ ಪಾರದರ್ಶಕವಾಗುವವರೆಗೆ ಐದು ನಿಮಿಷ ಬಿಟ್ಟು, ಆಮೇಲೆ 14 ವ್ಯಾಟಿನಲ್ಲಿ ಶುರು. ಬತ್ತಿ ನಾಲ್ಕೈದು ದಿನ ಬಾಳುತ್ತದೆ. ಕಾಯಿಲ್ ತಿಂಗಳು ಬಾಳುತ್ತದೆ, ಹಳೆಯ ಹತ್ತಿ ತೆಗೆದು, ಬರಿ ತಂತಿಯನ್ನು ಕಾಯಿಸಿ, ಆರಿದ ಮೇಲೆ ನಲ್ಲಿಯ ನೀರಿನಲ್ಲಿ ಉಜ್ಜಿದರೆ ಸಾಕು.

ಬ್ಯಾಟರಿಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವನಲ್ಲ. ಇ-ಸಿಗರೇಟಿಗೆ ಹಾಕುವ 18650 ಎಂಬ ಉರುಟು ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಕೊಡುತ್ತದೆ. ನನ್ನ 0.95 ಓಮಿನ ಕಾಯಿಲಿಗೆ ಅದು ಸುಮಾರು 4.4 ಆಂಪಿಯರ್ ಹರಿಸಿದರೆ, 0.2 ಓಮಿನ ಕಾಯಿಲಿಗೆ 21 ಆಂಪಿಯರ್. ಎಷ್ಟೋ ಬ್ಯಾಟರಿಗಳು ಅಷ್ಟನ್ನು ತಾಳುವುದಿಲ್ಲ. ದಟ್ಟ ಹೊಗೆಯ ಆಸೆಗೆ ರೋಧ ಇಳಿಸುವವರು, ಅದರಲ್ಲೂ ಸರ್ಕ್ಯೂಟಿನ ರಕ್ಷಣೆಯೇ ಇಲ್ಲದ ಸಾಧನ ಹಿಡಿದವರು, ವೋಲ್ಟನ್ನು ಓಮಿನಿಂದ ಭಾಗಿಸುವ ಈ ಲೆಕ್ಕವನ್ನು ಮೊದಲು ಮಾಡಬೇಕು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದಿಷ್ಟು ಹರಿದಿದ್ದರೂ ಆ ಬ್ಯಾಟರಿ ಬಳಸಬೇಡಿ. ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಬಿಡಿ ಬ್ಯಾಟರಿ ಹಾಕಲೇಬೇಡಿ.

ಊರಿಗೆ ಹೋಗುವಾಗ ಎಲ್ಲವನ್ನೂ ಇಲ್ಲಿಯೇ ಬಿಟ್ಟು ಹೋಗುತ್ತೇನೆ. ಕರ್ನಾಟಕ 2016ರಲ್ಲಿಯೇ ಇ-ಸಿಗರೇಟಿನ ಮಾರಾಟವನ್ನು ನಿಷೇಧಿಸಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲವೂ ಅಪರಾಧ. ಅಲ್ಲಿರುವವರು ಇದನ್ನು ಓದಿ ಮಾಡಹೋಗಬಾರದು. ಊರಿನಲ್ಲಿರುವ ಮೂರು ವಾರ ನಿಕೋಟಿನ್ ಗಮ್ ಜಗಿದು ಕಳೆಯುತ್ತೇನೆ.

ಇಲ್ಲಿ ಇಂಗ್ಲೆಂಡಿನ ಕಾನೂನಿನ ಪ್ರಕಾರ ದ್ರವದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. ನಾನು 18ರಿಂದ ಶುರು ಮಾಡಿ 12ಕ್ಕೆ, 6ಕ್ಕೆ ಇಳಿದು, ಈಗ 3ರಲ್ಲಿ ಇದ್ದೇನೆ. ಸೊನ್ನೆ ಇನ್ನೂ ಆಗಿಲ್ಲ. ಸಿಗರೇಟು ಮುಟ್ಟಿ ಏಳು ವರ್ಷ ದಾಟಿತು, ಮೆಟ್ಟಿಲು ಹತ್ತುವಾಗ ಏದುಸಿರಿಲ್ಲ.

ಕಳೆದ ತಿಂಗಳು ನಮ್ಮ ಗೋದಾಮಿನಲ್ಲಿ ಹೊಸದಾಗಿ ಸೇರಿದ ಹತ್ತೊಂಬತ್ತರ ಹುಡುಗ ತನಗೂ ಕಾಯಿಲ್ ಕಟ್ಟುವುದನ್ನು ಕಲಿಸಿ ಎಂದ. ಎಂದಾದರೂ ಸಿಗರೇಟು ಸೇದಿದ್ದೀಯಾ ಎಂದು ಕೇಳಿದೆ, ಇಲ್ಲ ಎಂದ. ಹಾಗಾದರೆ ಕಲಿಸುವುದಿಲ್ಲ ಎಂದೆ. ಅವನು ಬೇಸರ ಮಾಡಿಕೊಂಡ, ನಾನು ಮಾತು ಬದಲಿಸಲಿಲ್ಲ. ಅದೇ ಪಾಳಿಯಲ್ಲಿ ಇಪ್ಪತ್ತೆರಡು ವರ್ಷ ದಿನಕ್ಕೊಂದು ಪೊಟ್ಟಣ ಸೇದಿದ ಲಾರಿ ಚಾಲಕರೊಬ್ಬರಿದ್ದಾರೆ. ಅವರು ಈ ಶನಿವಾರ ಮನೆಗೆ ಬರುತ್ತಾರೆ. ಅವರಿಗೆಂದು ಒಂದು ಹಾಳೆ ಹತ್ತಿಯನ್ನು ಕುದಿಸಿ, ನೆರಳಿನಲ್ಲಿ ಒಣಹಾಕಿದ್ದೇನೆ.