ಆಲೆಮನೆಯ ಅಳತೆಯಿಂದ ಕಾನ್ಫರೆನ್ಸ್ ಪೇಪರ್‌ವರೆಗೆ

ಪೇಪರ್ ಬರೆಯಲು ಕುಳಿತವರು ಸಾಮಾನ್ಯವಾಗಿ ಪೀಠಿಕೆಯಿಂದ ಶುರು ಮಾಡುತ್ತಾರೆ. ‘ಭಾರತ ಕೃಷಿ ಪ್ರಧಾನ ದೇಶ’ ಎಂಬ ಸಾಲೊಂದು ಬಿದ್ದರೆ ಸಾಕು, ಎರಡು ಪುಟ ತಾನಾಗಿಯೇ ತುಂಬಿಕೊಳ್ಳುತ್ತದೆ. ಆಮೇಲೆ ತಾವೇ ಅಳೆದು ಕಂಡುಕೊಂಡದ್ದನ್ನು ಹೇಳಲು ಜಾಗ ಉಳಿಯುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಮೊದಲು ನಿಮ್ಮ ಮುಖ್ಯ ಗ್ರಾಫ್ ತನ್ನಿ, ಪೀಠಿಕೆಯನ್ನು ಕೊನೆಗೆ ನೋಡೋಣ.

ನಾನು ಮಂಡ್ಯದ ಇಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಸಮ್ಮೇಳನಗಳಿಗೆ ಬರುವ ಪೇಪರ್‌ಗಳನ್ನು ಪರಿಶೀಲಿಸುವ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಮೊದಲ ಬಾರಿಗೆ ಪೇಪರ್ ಕಳಿಸಲು ಹೊರಟಿರುವ ಬಿ.ಇ., ಎಂ.ಟೆಕ್. ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ನಮ್ಮದೇ ತಂಡವೊಂದು ಮಾಡಿದ ಆಲೆಮನೆಯ ಕೆಲಸವನ್ನು ಇಟ್ಟುಕೊಳ್ಳುತ್ತೇನೆ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯಲ್ಲಿ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ ಸಂವೇದಕ) ಇಳಿಬಿಟ್ಟು, ಪಾಕ ಹದಕ್ಕೆ ಬರುವವರೆಗಿನ ತಾಪಮಾನವನ್ನು ದಾಖಲಿಸುವುದು ಅವರ ಯೋಜನೆಯಾಗಿತ್ತು. ಆಲೆಮನೆಯ ಯಜಮಾನರು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಹದ ಹೇಳುತ್ತಾರೆ. ಆ ಹದಕ್ಕೂ ತಾಪಮಾನಕ್ಕೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಹಿಡಿಯುವುದೇ ಪೇಪರ್‌ನ ತಿರುಳು.

ಅವರ ಗ್ರಾಫ್ ಚೆನ್ನಾಗಿತ್ತು. ಬಹಳ ಹೊತ್ತು ನೂರರ ಆಸುಪಾಸಿನಲ್ಲಿ ಕದಲದೆ ನಿಂತ ಗೆರೆ, ನೀರಿನಂಶ ಕಡಿಮೆಯಾಗುತ್ತಾ ಬಂದಂತೆ ಮೆಲ್ಲಗೆ ಏರಿ, ಕೊನೆಯ ಹಂತದಲ್ಲಿ ಸರ್ರನೆ ಮೇಲಕ್ಕೆ ಹೋಗಿತ್ತು. ಯಜಮಾನರು ‘ಇಳಿಸಿ’ ಎಂದ ಗಳಿಗೆಗಳನ್ನು ಗೆರೆಯ ಮೇಲೆ ಚುಕ್ಕಿಯಾಗಿ ಗುರುತಿಸಿದ್ದರು. ಒಂದು ಪೇಪರ್‌ಗೆ ಇಷ್ಟು ಸಾಕು. ಆದರೆ ಪಕ್ಕದ ಕೋಷ್ಟಕದಲ್ಲಿ ಹದದ ತಾಪಮಾನ 117.8342 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ನಾಲ್ಕು ದಶಮಾಂಶ ಎಲ್ಲಿಂದ ಬಂತು ಎಂದು ಕೇಳಿದೆ. ‘ಎಕ್ಸೆಲ್‌ನಲ್ಲಿ ಸರಾಸರಿ ತೆಗೆದಾಗ ಹಾಗೇ ಬಂತು ಮೇಡಂ’ ಎಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪರಿಶೀಲಕರು ಹಿಡಿಯುವುದು ಇಂಥ ಕಡೆಯಲ್ಲೇ. ವಿದ್ಯಾರ್ಥಿಗಳು ಬಳಸಿದ್ದು ಥರ್ಮೋಕಪಲ್‌ನ ಸಂಕೇತವನ್ನು ಅಂಕಿಯಾಗಿಸುವ ಮ್ಯಾಕ್ಸ್6675 ಎಂಬ ಅಗ್ಗದ ಮಾಡ್ಯೂಲ್. ಅದು ಓದಬಲ್ಲ ಅತಿ ಸಣ್ಣ ವ್ಯತ್ಯಾಸ 0.25 ಡಿಗ್ರಿ. ಜೊತೆಗಿದ್ದ ಕೆ ಮಾದರಿಯ ಥರ್ಮೋಕಪಲ್ ಸಾಮಾನ್ಯ ದರ್ಜೆಯದಾದರೆ ಅದರ ತಂತಿಯಲ್ಲೇ 2.2 ಡಿಗ್ರಿಯಷ್ಟು ಹೆಚ್ಚುಕಡಿಮೆ ಇರಬಹುದು. ಮಾಡ್ಯೂಲನ್ನು ಒಲೆಯ ಹತ್ತಿರ ಇಟ್ಟು ಅದೇ ಕಾದರೆ ದೋಷ ಇನ್ನೂ ಬೆಳೆಯುತ್ತದೆ. ಇಷ್ಟೆಲ್ಲ ಇರುವಾಗ 117.8342 ಎಂದು ಬರೆದರೆ ಅದು ಸುಳ್ಳು ನಿಖರತೆ. ‘118, ಎರಡು ಡಿಗ್ರಿ ಹೆಚ್ಚುಕಡಿಮೆ’ ಎಂದು ಬರೆದು, ಆ ಎರಡು ಡಿಗ್ರಿ ಎಲ್ಲಿಂದ ಬಂತೆಂದು ಎರಡು ವಾಕ್ಯದಲ್ಲಿ ಹೇಳಿದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಉಪಕರಣವನ್ನು ಹೇಗೆ ಸರಿನೋಡಿದಿರಿ ಎಂಬುದನ್ನೂ ಬರೆಯಿರಿ. ಕರಗುತ್ತಿರುವ ಮಂಜುಗಡ್ಡೆ ಮತ್ತು ಕುದಿಯುವ ನೀರು, ಇವೆರಡು ಯಾವ ಪ್ರಯೋಗಾಲಯದಲ್ಲೂ ಸಿಗುತ್ತವೆ. ಆದರೆ ಕುದಿಯುವ ನೀರು 100 ಡಿಗ್ರಿ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಮೈಸೂರು ಇನ್ನೂ ಎತ್ತರ. ಇಲ್ಲಿ ನೀರು 98ರ ಆಸುಪಾಸಿನಲ್ಲೇ ಕುದಿಯುತ್ತದೆ. ಬೇರೆ ಊರಿನವರು ಬರೆದ ಬೆಲ್ಲದ ಪೇಪರ್‌ಗಳ ಅಂಕಿಯ ಜೊತೆ ನಿಮ್ಮ ಅಂಕಿಯನ್ನು ಹೋಲಿಸುವಾಗ ಈ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅದೇ ನಿಮ್ಮ ಪೇಪರ್‌ನ ಒಂದು ಗಟ್ಟಿ ಪ್ಯಾರಾ ಆಗುತ್ತದೆ. ಹೊಸತನ ಎಂದು ವಿದ್ಯಾರ್ಥಿಗಳು ಹುಡುಕಿಕೊಂಡು ಎಲ್ಲೆಲ್ಲೋ ಅಲೆಯುತ್ತಾರೆ. ನಮ್ಮ ಆಲೆಮನೆಯಲ್ಲಿ, ನಮ್ಮ ಎತ್ತರದಲ್ಲಿ, ನಮ್ಮ ಕಬ್ಬಿನ ಹಾಲಿನಲ್ಲಿ ಅಳೆದ ಅಂಕಿ ಬೇರೆ ಯಾರ ಬಳಿಯೂ ಇಲ್ಲ. ಅದನ್ನು ಸರಿಯಾಗಿ ಅಳೆದು, ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದರೆ ಅದು ಪೇಪರ್.

ಫಲಿತಾಂಶ ಕೈಗೆ ಬಂದ ಮೇಲೆ, ಬರೆಯುವ ಮೊದಲು, ಎಲ್ಲಿಗೆ ಕಳಿಸುವುದೆಂದು ತೀರ್ಮಾನಿಸಿ. ಪುಟಗಳ ಮಿತಿ, ನಮೂನೆ, ಕೊನೆಯ ದಿನಾಂಕ ಎಲ್ಲವೂ ಅದನ್ನೇ ಅವಲಂಬಿಸಿವೆ. ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇಯ ಸಮ್ಮೇಳನಗಳು ಎರಡು ಕಾಲಂನ ನಮೂನೆ ಕೇಳುತ್ತವೆ, ಹೆಚ್ಚಿನ ಕಡೆ ಆರು ಪುಟದ ಮಿತಿ. ಸ್ಪ್ರಿಂಗರ್ ಪ್ರಕಟಿಸುವ ಸಂಪುಟಗಳದ್ದು ಒಂದೇ ಕಾಲಂ, ಪುಟಗಳು ಹೆಚ್ಚು. ದೂರ ಹೋಗಲಾಗದವರು ಹತ್ತಿರದ್ದನ್ನೂ ಗಮನಿಸಬಹುದು. ಐಇಇಇ ಮೈಸೂರು ಉಪವಿಭಾಗದ್ದೇ ಮೈಸೂರುಕಾನ್ ಎಂಬ ಸಮ್ಮೇಳನವಿದೆ, 2021ರಲ್ಲಿ ಅದರ ಮೊದಲ ಆವೃತ್ತಿ ನಡೆಯಿತು.

ಎಚ್ಚರ ಬೇಕಾದದ್ದು ಹಣ ಕೀಳುವ ಸಮ್ಮೇಳನಗಳ ಬಗ್ಗೆ. ಸಿವಿಲ್‌ನಿಂದ ಹಿಡಿದು ನರ್ಸಿಂಗ್, ವಾಣಿಜ್ಯದವರೆಗೆ ಎಲ್ಲ ವಿಷಯಕ್ಕೂ ಆಹ್ವಾನ, ಕಳಿಸಿದ ಮರುದಿನವೇ ‘ಅಂಗೀಕೃತ’ ಎಂಬ ಮಿಂಚಂಚೆ, ಪರಿಶೀಲಕರ ಒಂದು ಮಾತೂ ಇಲ್ಲ, ಶುಲ್ಕ ಮಾತ್ರ ಯಾರದೋ ಖಾಸಗಿ ಖಾತೆಗೆ: ಇವುಗಳಲ್ಲಿ ಎರಡು ಕಂಡರೂ ದೂರ ಸರಿಯಿರಿ. ‘ಸ್ಕೋಪಸ್‌ನಲ್ಲಿ (ಸಂಶೋಧನಾ ಪೇಪರ್‌ಗಳ ಸೂಚಿಯಲ್ಲಿ) ಬರುತ್ತದೆ’ ಎಂಬ ಮಾತನ್ನು ನಂಬಿ ಶುಲ್ಕ ಕಟ್ಟಿದ ವಿದ್ಯಾರ್ಥಿಗಳು ಆಮೇಲೆ ಪೇಪರ್ ಎಲ್ಲೂ ಸಿಗದೆ ಪರದಾಡಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಅದು ಮನೆಯವರು ಕಷ್ಟಪಟ್ಟು ಕೊಟ್ಟ ಹಣ. ಐಇಇಇ ಹೆಸರು ಹೇಳಿಕೊಂಡರೆ ಐಇಇಇ ತನ್ನ ಜಾಲತಾಣದಲ್ಲಿ ಇಟ್ಟಿರುವ ಸಮ್ಮೇಳನಗಳ ಪಟ್ಟಿಯಲ್ಲಿ ಅದು ಇದೆಯೇ ನೋಡಿ. ಹಿಂದಿನ ವರ್ಷಗಳ ಪೇಪರ್‌ಗಳು ಐಇಇಇಯ ಆನ್‌ಲೈನ್ ಗ್ರಂಥಾಲಯವಾದ ಎಕ್ಸ್‌ಪ್ಲೋರ್‌ನಲ್ಲಿ ಸಿಗುತ್ತವೆಯೇ ಹುಡುಕಿ, ಸಿಕ್ಕರೆ ಎರಡು ಮೂರನ್ನು ಓದಿ. ಅಲ್ಲಿ ಎಂಥ ಕೆಲಸಕ್ಕೆ ಬೆಲೆಯಿದೆ ಎಂಬುದೂ ತಿಳಿಯುತ್ತದೆ.

ಈಗ ಬರವಣಿಗೆ. ಕ್ರಮ ಹೀಗಿರಲಿ: ಫಲಿತಾಂಶ, ವಿಧಾನ, ಹಿಂದಿನವರ ಕೆಲಸ, ಪೀಠಿಕೆ, ಉಪಸಂಹಾರ, ಎಲ್ಲಕ್ಕಿಂತ ಕೊನೆಗೆ ಸಾರಾಂಶ ಮತ್ತು ಶೀರ್ಷಿಕೆ. ವಿಧಾನದ ಭಾಗವನ್ನು ಓದಿ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡುವಂತಿರಬೇಕು. ಕೊಪ್ಪರಿಗೆಯ ಅಗಲ ಎಷ್ಟು, ಸಂವೇದಕ ತಳದಿಂದ ಎಷ್ಟು ಮೇಲಿತ್ತು, ಎಷ್ಟು ಸೆಕೆಂಡಿಗೊಮ್ಮೆ ದಾಖಲಿಸಿದಿರಿ, ಉರುವಲಾಗಿ ಹಾಕಿದ ಕಬ್ಬಿನ ಸಿಪ್ಪೆ ಎಷ್ಟು ಒಣಗಿತ್ತು, ಸುಣ್ಣ ಮತ್ತು ಬೆಂಡೆಯ ಲೋಳೆಯನ್ನು ಯಾವ ಹಂತದಲ್ಲಿ ಹಾಕಿದರು. ಇವನ್ನೆಲ್ಲ ಆಲೆಮನೆಯಲ್ಲಿ ನಿಂತಾಗಲೇ ನೋಟ್‌ಬುಕ್‌ನಲ್ಲಿ ಬರೆದುಕೊಂಡಿರಬೇಕು. ಸುಗ್ಗಿ ಮುಗಿದ ಮೇಲೆ ಹೋಗಿ ಕೇಳಿದರೆ ಯಜಮಾನರಿಗೂ ನೆನಪಿರುವುದಿಲ್ಲ.

ಸಾರಾಂಶಕ್ಕೆ ಸಾಮಾನ್ಯವಾಗಿ 150ರಿಂದ 250 ಪದ. ಆ ತಂಡದ ಮೊದಲ ಕರಡಿನ ಸಾಲು ಹೀಗಿತ್ತು: ‘ಈ ಪ್ರಬಂಧದಲ್ಲಿ ಬೆಲ್ಲ ತಯಾರಿಕೆಗೆ ದಕ್ಷವಾದ ಸ್ಮಾರ್ಟ್ ವ್ಯವಸ್ಥೆಯೊಂದನ್ನು ಪ್ರಸ್ತಾಪಿಸಲಾಗಿದೆ, ಫಲಿತಾಂಶಗಳು ತೃಪ್ತಿಕರವಾಗಿವೆ.’ ಏನು ಅಳೆದರು, ಎಷ್ಟು ಬಂತು, ಯಾರಿಗೆ ತೃಪ್ತಿ, ಒಂದೂ ಇಲ್ಲ. ತಿದ್ದಿದ ಮೇಲೆ ಹೀಗಾಯಿತು: ‘ತೆರೆದ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗಿನ ತಾಪಮಾನವನ್ನು ದಾಖಲಿಸಿ, ಅನುಭವಿ ಕೆಲಸಗಾರರು ಹದವೆಂದು ನಿರ್ಧರಿಸಿದ ಕ್ಷಣಗಳೊಂದಿಗೆ ಹೋಲಿಸಲಾಗಿದೆ. ಹದದ ತಾಪಮಾನ 118 ಡಿಗ್ರಿಯ ಆಸುಪಾಸಿನಲ್ಲಿದ್ದು, ಅಳತೆಯ ಅನಿಶ್ಚಿತತೆ ಎರಡು ಡಿಗ್ರಿ.’ ಎರಡನೆಯದರಲ್ಲಿ ಹೊಗಳಿಕೆ ಇಲ್ಲ, ವಿಷಯ ಇದೆ. ಪೇಪರ್ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ಆದರೂ ಸಾರಾಂಶವನ್ನು ಮೊದಲು ಕನ್ನಡದಲ್ಲಿ ಬರೆದು ತೋರಿಸಿ ಎನ್ನುತ್ತೇನೆ. ಅರ್ಥವಾಗದೆ ಬರೆದ ಸಾಲು ಕನ್ನಡದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ನಮೂನೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಮ್ಮೇಳನದವರು ಕೊಟ್ಟ ಟೆಂಪ್ಲೇಟ್ ಇಳಿಸಿಕೊಂಡು ಅದರೊಳಗೇ ಬರೆಯಿರಿ, ಅಂಚು ಕಿರಿದು ಮಾಡಿ ಪುಟ ಉಳಿಸಲು ಹೋಗಬೇಡಿ. ಸಮೀಕರಣಗಳು ಹೆಚ್ಚಿದ್ದರೆ ಲೇಟೆಕ್ ಎಂಬ ಪುಟವಿನ್ಯಾಸದ ತಂತ್ರಾಂಶ ಕಲಿಯಿರಿ, ಓವರ್‌ಲೀಫ್ ಎಂಬ ಜಾಲತಾಣದಲ್ಲಿ ತಂಡದವರೆಲ್ಲ ಒಟ್ಟಿಗೆ ತಿದ್ದಬಹುದು. ಐಇಇಇ ನಮೂನೆಯಲ್ಲಿ ಕೋಷ್ಟಕದ ತಲೆಬರಹ ಮೇಲೆ, ಚಿತ್ರದ ವಿವರಣೆ ಕೆಳಗೆ, ಉಲ್ಲೇಖಗಳು ಪೇಪರ್‌ನಲ್ಲಿ ಬಂದ ಕ್ರಮದಲ್ಲೇ ಸಂಖ್ಯೆ ಪಡೆಯಬೇಕು. ಗ್ರಾಫನ್ನು ಪರದೆಯಿಂದ ಸ್ಕ್ರೀನ್‌ಶಾಟ್ ತೆಗೆದು ಅಂಟಿಸಬೇಡಿ, ಪಿಡಿಎಫ್ ಆಗಿ ರಫ್ತು ಮಾಡಿ ಸೇರಿಸಿ. ಕಾಲಂನ ಅಗಲಕ್ಕೆ ಕುಗ್ಗಿದ ಮೇಲೂ ಅಕ್ಷದ ಅಂಕಿಗಳು ಓದಲು ಬರಬೇಕು.

ಲೇಖಕರ ಹೆಸರು ಮುಚ್ಚಿಟ್ಟು ಪರಿಶೀಲಿಸುವ ಪದ್ಧತಿ ಇದ್ದರೆ, ಹೆಸರು ಅಳಿಸಿದರಷ್ಟೇ ಸಾಲದು. ಕೃತಜ್ಞತೆಯಲ್ಲಿ ಕಾಲೇಜಿನ ಹೆಸರು, ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು, ಫೋಟೋದ ಹಿನ್ನೆಲೆಯಲ್ಲಿ ವಿಭಾಗದ ನಾಮಫಲಕ, ಇವೆಲ್ಲ ಗುಟ್ಟು ಬಿಟ್ಟುಕೊಡುತ್ತವೆ. ಅಂತಿಮ ಪ್ರತಿಯಲ್ಲಿ ಕೃತಜ್ಞತೆಯನ್ನು ಮರೆಯದೆ ವಾಪಸು ಸೇರಿಸಿ. ಕೊಪ್ಪರಿಗೆಯ ಹತ್ತಿರ ನಿಲ್ಲಲು ಬಿಟ್ಟ ಯಜಮಾನರಿಗೆ, ಅವರ ಒಪ್ಪಿಗೆ ಪಡೆದು, ಒಂದು ಸಾಲಿನ ವಂದನೆ ಸಲ್ಲಲೇಬೇಕು. ಆ ಸಾಲನ್ನು ಪುಟದ ಮಿತಿಗಾಗಿ ಕತ್ತರಿಸಲು ನಾನು ಒಪ್ಪುವುದಿಲ್ಲ.

ನಕಲಿನ ಪ್ರಮಾಣ ಪರೀಕ್ಷಿಸುವ ತಂತ್ರಾಂಶದಲ್ಲಿ ಪೇಪರನ್ನು ಮೊದಲೇ ಹಾಕಿ ನೋಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಸಮ್ಮೇಳನಗಳು ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ. ಶೇಕಡಾವಾರು ಕಡಿಮೆ ಮಾಡಲೆಂದು ಪದಗಳನ್ನು ಬದಲಿಸುತ್ತಾ ಕೂರುವುದು ವ್ಯರ್ಥ. ಹಳೆಯ ಪೇಪರ್ ಮುಚ್ಚಿಟ್ಟು, ಅದರಿಂದ ನಿಮಗೆ ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ಬರೆದು, ಮೂಲವನ್ನು ಉಲ್ಲೇಖಿಸಿ. ಚಾಟ್‌ಜಿಪಿಟಿಯಂಥ ಸಾಧನದಿಂದ ಪಠ್ಯ ಬರೆಸಿದ್ದರೆ ಅದನ್ನು ಕೃತಜ್ಞತೆಯ ಭಾಗದಲ್ಲಿ ತಿಳಿಸಬೇಕೆಂದು ಐಇಇಇ ನಿಯಮ ಹೇಳುತ್ತದೆ. ಅದು ಕೊಟ್ಟ ಉಲ್ಲೇಖಗಳನ್ನಂತೂ ಒಂದೊಂದಾಗಿ ತೆರೆದು ನೋಡಿ. ಇಲ್ಲದ ಪೇಪರ್‌ಗಳ ಹೆಸರು ಅಲ್ಲಿ ಸಿಗುವುದುಂಟು.

ಕಳಿಸುವುದು ಸಾಮಾನ್ಯವಾಗಿ ಈಸಿಚೇರ್, ಮೈಕ್ರೋಸಾಫ್ಟ್ ಸಿಎಂಟಿ ಅಥವಾ ಎಡಾಸ್ ಎಂಬ ಜಾಲತಾಣಗಳ ಮೂಲಕ. ಅಲ್ಲಿ ನಮ್ಮ ಕಡೆಯವರು ತಡವರಿಸುವುದು ಹೆಸರಿನ ಅಂಕಣದಲ್ಲಿ. ನಮಗೆ ಮನೆತನದ ಹೆಸರಿಲ್ಲ, ಊರಿನದೋ ತಂದೆಯದೋ ಮೊದಲಕ್ಷರಗಳಿವೆ. ಕೊನೆಯ ಹೆಸರಿನ ಜಾಗದಲ್ಲಿ ಬರೀ ‘ಎಂ. ಎಸ್.’ ಎಂದು ತುಂಬಿದರೆ, ಮುಂದೆ ನಿಮ್ಮನ್ನು ಉಲ್ಲೇಖಿಸುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಒಂದಕ್ಷರಕ್ಕೆ ಕುಗ್ಗಿ, ಆ ಎರಡಕ್ಷರಗಳೇ ಹೆಸರಾಗಿ ಕೂರುತ್ತವೆ. ತಂಡದವರೆಲ್ಲ ಮೊದಲೇ ಕುಳಿತು ತಮ್ಮ ಹೆಸರಿನ ಒಂದು ರೂಪ ನಿಶ್ಚಯಿಸಿ, ಸಂಶೋಧಕರಿಗೆ ಕೊಡುವ ಆರ್ಕಿಡ್ (ORCID) ಗುರುತು ಸಂಖ್ಯೆ ಪಡೆದು, ಜೀವನಪೂರ್ತಿ ಅದನ್ನೇ ಬಳಸಿ. ಲೇಖಕರ ಕ್ರಮವನ್ನೂ ಆಗಲೇ ಮಾತಾಡಿಕೊಳ್ಳಿ, ಅಂಗೀಕಾರವಾದ ಮೇಲೆ ಹೆಸರು ಸೇರಿಸಲು ಹೆಚ್ಚಿನವರು ಬಿಡುವುದಿಲ್ಲ. ಕೆಲಸ ಮಾಡದವರ ಹೆಸರು ಬೇಡ, ಅದು ಎಷ್ಟು ದೊಡ್ಡವರದಾದರೂ.

ಕೊನೆಯ ದಿನಾಂಕದ ಪಕ್ಕ ‘ಎಒಇ’ (ಎನಿವೇರ್ ಆನ್ ಅರ್ತ್) ಎಂದಿದ್ದರೆ ಭೂಮಿಯ ಯಾವುದೇ ಮೂಲೆಯಲ್ಲಿ ಆ ದಿನ ಉಳಿದಿರುವವರೆಗೆ ಎಂದರ್ಥ. ನಮ್ಮ ಗಡಿಯಾರದಲ್ಲಿ ಅದು ಮರುದಿನ ಸಂಜೆ 5 ಗಂಟೆ 29 ನಿಮಿಷ. ಆ ಅವಕಾಶವನ್ನು ತಿದ್ದುಪಡಿಗೆ ಇಟ್ಟುಕೊಳ್ಳಿ, ಮೊದಲ ಪ್ರತಿಯನ್ನು ಎರಡು ದಿನ ಮುಂಚೆಯೇ ಏರಿಸಿ. ಗಡುವಿನವರೆಗೆ ಫೈಲ್ ಬದಲಿಸಲು ಸಾಮಾನ್ಯವಾಗಿ ಅವಕಾಶ ಇರುತ್ತದೆ. ಏರಿಸಿದ ಮೇಲೆ ಅಲ್ಲಿಂದಲೇ ಇಳಿಸಿಕೊಂಡು ತೆರೆದು ನೋಡಿ. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವುದು ನಿಷಿದ್ಧ.

ಪರಿಶೀಲಕರ ಅಭಿಪ್ರಾಯ ಬಂದಾಗ ಅದೇ ರಾತ್ರಿ ಉತ್ತರ ಬರೆಯಬೇಡಿ. ಪ್ರತಿ ಆಕ್ಷೇಪವನ್ನೂ ಒಂದು ಕೋಷ್ಟಕದಲ್ಲಿ ಬರೆದು, ಎದುರಿಗೆ ಏನು ಬದಲಿಸಿದಿರಿ, ಯಾವ ಪುಟದಲ್ಲಿ ಎಂದು ಹಾಕಿ. ಒಪ್ಪದ ಮಾತಿದ್ದರೆ ಕಾರಣ ಕೊಟ್ಟು ವಿನಯದಿಂದ ಹೇಳಿ. ತಿರಸ್ಕೃತವಾದರೂ ಆ ಅಭಿಪ್ರಾಯಗಳು ಮುಂದಿನ ಸಮ್ಮೇಳನಕ್ಕೆ ಸಿದ್ಧವಾಗಲು ಸಿಕ್ಕ ಪುಕ್ಕಟೆ ಪಾಠ.

ಅಂಗೀಕಾರವಾದರೆ ಉಳಿದ ಕೆಲಸ ಬೇಗ ಮುಗಿಯುತ್ತದೆ. ಐಇಇಇ ಸಮ್ಮೇಳನವಾದರೆ ಅಂತಿಮ ಪ್ರತಿಯನ್ನು, ಫೈಲ್ ಸರಿಯಿದೆಯೇ ಎಂದು ಪರೀಕ್ಷಿಸುವ ಪಿಡಿಎಫ್ ಎಕ್ಸ್‌ಪ್ರೆಸ್‌ನಲ್ಲಿ ಹಾಕಬೇಕು. ಫಾಂಟ್‌ಗಳು ಪಿಡಿಎಫ್‌ನೊಳಗೆ ಅಡಕವಾಗಿಲ್ಲದಿದ್ದರೆ ಅದು ಒಪ್ಪುವುದಿಲ್ಲ, ಹೆಚ್ಚಾಗಿ ಗ್ರಾಫ್‌ನಲ್ಲಿರುವ ಅಕ್ಷರಗಳೇ ಕಾರಣವಾಗಿರುತ್ತವೆ. ಹಕ್ಕುಸ್ವಾಮ್ಯದ ಅರ್ಜಿ ತುಂಬಿ, ಗಡುವಿನೊಳಗೆ ನೋಂದಣಿ ಮಾಡಿಸಿ. ಪೇಪರನ್ನು ಯಾರೂ ಹೋಗಿ ಮಂಡಿಸದಿದ್ದರೆ ಅದನ್ನು ಎಕ್ಸ್‌ಪ್ಲೋರ್‌ಗೆ ಸೇರಿಸದೆ ಬಿಡುವ ಹಕ್ಕು ಐಇಇಇಗೆ ಇದೆ, ಹಾಗಾಗಿ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಂಡೇ ಯಾರು ಹೋಗುವುದೆಂದು ಗೊತ್ತುಮಾಡಿ. ಮಂಡನೆಗೆ ಸಿಗುವ ಸಮಯದ ಬಹುಭಾಗವನ್ನು ಆ ಮುಖ್ಯ ಗ್ರಾಫ್‌ಗೇ ಕೊಡಿ. ಹೊರಡುವಾಗ ಪ್ರಮಾಣಪತ್ರದ ಜೊತೆ ಶುಲ್ಕದ ರಸೀದಿಯನ್ನೂ ಕೇಳಿ ಪಡೆಯಿರಿ, ಕಾಲೇಜಿನಿಂದ ಹಣ ವಾಪಸು ಬರಬೇಕಾದರೆ ಕಚೇರಿಯವರು ಮೊದಲು ಕೇಳುವುದು ಅದನ್ನೇ.