ಅಲ್ಯೂಮಿನಿಯಂ ವೈರಿನ ಜಾಯಿಂಟ್ ಯಾಕೆ ಸುಡುತ್ತದೆ?

ವೈರ್ ಉದ್ದಕ್ಕೂ ಚೆನ್ನಾಗಿರುತ್ತದೆ. ಸ್ಕ್ರೂ ಹತ್ತಿರದ ಒಂದಿಂಚು ಜಾಗದಲ್ಲಿ ಮಾತ್ರ ಇನ್ಸುಲೇಷನ್ ಕಂದುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತದೆ. 'ಬಿಗಿಯಾಗಿಯೇ ಹಾಕಿದ್ದೆ' ಅಂತ ಹಾಕಿದವರು ಹೇಳುತ್ತಾರೆ. ಅದು ಸುಳ್ಳಲ್ಲ.

ತಂತಿಯ ತುದಿ ಹೆರೆದರೆ ಬೆಳ್ಳಿಯಂತೆ ಹೊಳೆಯುತ್ತದೆ, ಅಲ್ವಾ? ಗಾಳಿ ತಾಗಿದ ಕೂಡಲೇ ಆ ಹೊಳಪಿನ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಆದರೆ ಬಲು ಗಟ್ಟಿ, ಕರೆಂಟ್ ಬಿಡುವುದಿಲ್ಲ. ಸ್ಕ್ರೂ ಒತ್ತಿದಾಗ ಅದು ಅಲ್ಲಲ್ಲಿ ಬಿರಿಯುತ್ತದೆ. ಆ ಚುಕ್ಕೆಯಷ್ಟು ಜಾಗಗಳಲ್ಲೇ ಇಡೀ ಕರೆಂಟ್ ದಾಟಬೇಕು.

ಇನ್ನು ಬಿಸಿಯ ಕತೆ. 100 ಡಿಗ್ರಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 2.3 ಮಿ.ಮೀ. ಹಿಗ್ಗುತ್ತದೆ; ಸ್ಟೀಲ್ 1.2 ಮಿ.ಮೀ. ಮಾತ್ರ. ಸ್ಕ್ರೂ ಜಾಗ ಬಿಡುವುದಿಲ್ಲ. ಮೆತ್ತಗಿನ ತಂತಿ ಪಕ್ಕಕ್ಕೆ ಚಪ್ಪಟೆಯಾಗುತ್ತದೆ. ತಣ್ಣಗಾದ ಮೇಲೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಕೂದಲೆಳೆಯಷ್ಟು ಸಡಿಲ, ಅದರೊಳಗೆ ಗಾಳಿ, ಮತ್ತೆ ಆಕ್ಸೈಡ್, ಮತ್ತಷ್ಟು ಬಿಸಿ. ಜಾಯಿಂಟ್‌ನಲ್ಲಿ 0.1 ಓಮ್ ತಡೆ ಇದ್ದು 15 ಆಂಪಿಯರ್ ಹರಿದರೆ ಅಲ್ಲಿ 22.5 ವ್ಯಾಟ್ ಬಿಸಿ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್‌ದು!

ತಾಮ್ರದ ಜೊತೆ ಸುಮ್ನೆ ಹೊಸೆದಿದ್ದರೆ ಇನ್ನೂ ಕಷ್ಟ. ತೇವ ಸೇರಿತೆಂದರೆ ಅವೆರಡೂ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆಯುತ್ತದೆ, ಬಿಳಿ ಪುಡಿ ಕಾಣುತ್ತದೆ.

ಸರಿಯಾಗಿ ಜೋಡಿಸುವ ಕ್ರಮ ಹೀಗೆ. ಮನೆ ವೈರಿಂಗ್ ಆದರೆ ಇದನ್ನು ಎಲೆಕ್ಟ್ರಿಷಿಯನ್ನೇ ಮಾಡಲಿ.

1. ಮೇನ್ ಆಫ್ ಮಾಡಿ, ಟೆಸ್ಟರ್‌ನಿಂದ ಖಚಿತಪಡಿಸಿಕೊಳ್ಳಿ.

2. ಸುಟ್ಟ ತುದಿಯನ್ನು ಕತ್ತರಿಸಿ ಬಿಸಾಡಿ. ಹೊಸದಾಗಿ ಸಿಪ್ಪೆ ಸುಲಿಯುವಾಗ ತಂತಿಗೆ ಗಾಯವಾಗಬಾರದು. ಬ್ಲೇಡಿನ ಗೀರು ಬಿದ್ದ ಕಡೆ ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ.

3. ಅಲ್ಯೂಮಿನಿಯಂ ಜಾಯಿಂಟ್‌ಗೆಂದೇ ಸಿಗುವ ಪೇಸ್ಟ್ ಹಚ್ಚಿ, ಅದರ ಮೇಲಿಂದಲೇ ವೈರ್ ಬ್ರಷ್‌ನಿಂದ ಉಜ್ಜಿ. ಮೊದಲು ಉಜ್ಜಿ ಆಮೇಲೆ ಹಚ್ಚುವವರೇ ಜಾಸ್ತಿ. ಅಷ್ಟರಲ್ಲಿ ಪದರ ಮತ್ತೆ ಕಟ್ಟಿರುತ್ತದೆ.

4. ಅಲ್ಯೂಮಿನಿಯಂಗೆ ಆಗುತ್ತದೆಂದು ಗುರುತಿರುವ ಟರ್ಮಿನಲ್ ಬಳಸಿ. ಇನ್ನೊಂದು ಕಡೆ ತಾಮ್ರವಿದ್ದರೆ ಎರಡಕ್ಕೂ ಆಗುವ ಬೈಮೆಟಲ್ ಲಗ್ (ಎರಡು ಲೋಹ ಸೇರಿಸಿ ಮಾಡಿದ ಜೋಡಣೆಯ ತುಂಡು) ಬೇಕು.

5. ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. 'ಇರಲಿ, ಇನ್ನೊಂದು ಸುತ್ತು' ಎನ್ನುವ ಕೈ ತಂತಿಯನ್ನು ಇನ್ನಷ್ಟು ಚಪ್ಪಟೆ ಮಾಡುತ್ತದೆ, ಅಷ್ಟೆ.