ಹೆಂಡತಿ ಸಿಟಿಜನ್, ನಾನು ಎಫ್-1: ನಮ್ಮ ಮೊದಲ ಜಂಟಿ ಟ್ಯಾಕ್ಸ್ ರಿಟರ್ನ್

ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುವವರಿಗೆ ಟ್ಯಾಕ್ಸ್ ಅಂದರೆ ಸಾಮಾನ್ಯವಾಗಿ ಎರಡೇ ಫಾರ್ಮ್, ನಾನ್‌ರೆಸಿಡೆಂಟ್‌ಗಳ ರಿಟರ್ನ್ ಆದ 1040-ಎನ್‌ಆರ್ ಮತ್ತು ಇಲ್ಲಿದ್ದ ದಿನಗಳ ವಿನಾಯಿತಿ ತಿಳಿಸುವ 8843. ಮೊದಲ ಐದು ಕ್ಯಾಲೆಂಡರ್ ವರ್ಷ ಇಲ್ಲಿ ಎಷ್ಟು ದಿನ ಇದ್ದರೂ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಲೆಕ್ಕದಲ್ಲಿ ನಾವು ನಾನ್‌ರೆಸಿಡೆಂಟ್, ಅಂದರೆ ಟ್ಯಾಕ್ಸ್ ಮಟ್ಟಿಗೆ ಇಲ್ಲಿನ ನಿವಾಸಿಗಳಲ್ಲ. ಯೂನಿವರ್ಸಿಟಿ ಕೊಡುವ ಸಾಫ್ಟ್‌ವೇರಿಗೆ ಡಬ್ಲ್ಯೂ-2 (ವರ್ಷದ ಸಂಬಳ, ಕಡಿತಗಳ ಚೀಟಿ) ವಿವರ ತುಂಬಿದರೆ ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ಮದುವೆಯಾದ ವರ್ಷ ಹಾಗಾಗಲಿಲ್ಲ.

ನನ್ನ ಹೆಂಡತಿ ಶಿಕಾಗೋದಲ್ಲೇ ಹುಟ್ಟಿ ಬೆಳೆದವಳು. 2024ರ ಕೊನೆಯಲ್ಲಿ ಇಲಿನಾಯ್‌ನಲ್ಲೇ ಕೋರ್ಟ್ ಮದುವೆ ಮಾಡಿಕೊಂಡೆವು. ಧಾರೆಯ ಮದುವೆ ಮುಂದಿನ ಮೇ ತಿಂಗಳಲ್ಲಿ, ಶಿವಮೊಗ್ಗದಲ್ಲಿ ಅಂತ ನಿಶ್ಚಯವಾಗಿತ್ತು. ಅಮ್ಮನ ಪ್ರಕಾರ ಅಲ್ಲಿಯವರೆಗೂ ನಾನು ಬ್ರಹ್ಮಚಾರಿಯೇ. ಐಆರ್‌ಎಸ್ ಹಾಗೆ ನೋಡುವುದಿಲ್ಲ. ಡಿಸೆಂಬರ್ 31ರಂದು ಕಾನೂನು ಪ್ರಕಾರ ಮದುವೆಯಾಗಿದ್ದರೆ ಇಡೀ ವರ್ಷಕ್ಕೆ ಮದುವೆಯಾದವರೇ. 'ಸಿಂಗಲ್' ಅಂತ ಹಾಕುವ ದಾರಿ ಇಬ್ಬರಿಗೂ ಮುಚ್ಚಿತು.

ಉಳಿದದ್ದು ಎರಡು ದಾರಿ. ಒಂದು, ಅವಳು ಸಿಟಿಜನ್, ರೆಸಿಡೆಂಟ್‌ಗಳ ಫಾರ್ಮ್ ಆದ 1040ರಲ್ಲಿ, ನಾನು 1040-ಎನ್‌ಆರ್‌ನಲ್ಲಿ, ಇಬ್ಬರೂ 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' ಅಂತ ಬೇರೆ ಬೇರೆ ಹಾಕುವುದು. ಇನ್ನೊಂದು, ಸೆಕ್ಷನ್ 6013(ಜಿ) ಪ್ರಕಾರ ನನ್ನನ್ನು ಇಡೀ ವರ್ಷಕ್ಕೆ ರೆಸಿಡೆಂಟ್ ಅಂತ ಪರಿಗಣಿಸಿ ಎಂದು ಇಬ್ಬರೂ ಒಂದು ಹೇಳಿಕೆ ಬರೆದುಕೊಟ್ಟು, ಒಂದೇ ಜಂಟಿ 1040 ಹಾಕುವುದು. ಕೇಳಿದವರೆಲ್ಲ "ಜಾಯಿಂಟ್ ಹಾಕಿ, ದುಡ್ಡು ಉಳಿಯುತ್ತೆ" ಅಂದರು. ಎಷ್ಟು ಉಳಿಯುತ್ತೆ ಅಂದರೆ ಯಾರ ಬಳಿಯೂ ಉತ್ತರ ಇರಲಿಲ್ಲ. ಹಾಗಾಗಿ ನಾವೇ ಒಂದು ಭಾನುವಾರ ಕೂತು ಎರಡೂ ರೀತಿಯಲ್ಲಿ ಲೆಕ್ಕ ಹಾಕಿದೆವು.

ನನ್ನ ಅಸಿಸ್ಟೆಂಟ್‌ಶಿಪ್ ಸಂಬಳ 24,000 ಡಾಲರ್, ಅವಳದು 68,000. ಇಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ. ಬೇರೆ ದೇಶಗಳ ನಾನ್‌ರೆಸಿಡೆಂಟ್‌ಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ಟ್ಯಾಕ್ಸ್ ಇಲ್ಲದೆ ಕಳೆಯುವ ನಿಗದಿತ ಮೊತ್ತ) ಸಿಗುವುದಿಲ್ಲ. ನಮಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ಸಿಗುತ್ತದೆ, 2024ಕ್ಕೆ 14,600 ಡಾಲರ್. ಅದನ್ನು ಕಳೆದರೆ ನನ್ನ ಟ್ಯಾಕ್ಸ್ 940 ಡಾಲರ್. ಅವಳು ಬೇರೆಯಾಗಿ ಹಾಕಿದರೆ 6,801. ಒಟ್ಟು 7,741. ಜಂಟಿಯಾಗಿ ಹಾಕಿದರೆ 92,000ದಲ್ಲಿ 29,200 ಕಳೆದು ಉಳಿದ 62,800ಕ್ಕೆ 7,072. ವ್ಯತ್ಯಾಸ 669 ಡಾಲರ್. ಅದರಲ್ಲಿ ಹೆಚ್ಚಿನ ಪಾಲು ಅವಳ ಸಂಬಳದ ಕೊನೆಯ ತುಣುಕು 22 ಪರ್ಸೆಂಟ್ ಹಂತದಿಂದ 12ಕ್ಕೆ ಇಳಿದದ್ದರಿಂದ ಬಂದದ್ದು. ಇದರ ಮೇಲೆ ಅವಳ ಎಜುಕೇಶನ್ ಲೋನ್ ಬಡ್ಡಿ 2,500 ಡಾಲರ್ ಕೂಡ ಕಳೆಯಬಹುದು. ಬೇರೆ ಬೇರೆ ಹಾಕಿದರೆ ಅದು ಸಿಗುವುದೇ ಇಲ್ಲ. ಅದರ 12 ಪರ್ಸೆಂಟ್, ಅಂದರೆ ಇನ್ನೊಂದು 300 ಡಾಲರ್ ಉಳಿತಾಯ.

ಇಬ್ಬರ ಸಂಬಳವೂ ಹೆಚ್ಚುಕಡಿಮೆ ಒಂದೇ ಇದ್ದರೆ ನಮ್ಮವರಿಗೆ ಜಂಟಿಯಿಂದ ಅಂಥ ಲಾಭವೇನೂ ಕಾಣುವುದಿಲ್ಲ. ಇದನ್ನು ಯಾರೂ ಹೇಳುವುದಿಲ್ಲ.

ಈಗ ಊರಿನ ಲೆಕ್ಕ. ನಾನ್‌ರೆಸಿಡೆಂಟ್ ಆಗಿದ್ದಾಗ ಭಾರತದ ಬಡ್ಡಿಯನ್ನು ಅಮೆರಿಕ ಕೇಳುವುದಿಲ್ಲ. ಆ ಹೇಳಿಕೆಗೆ ಸಹಿ ಹಾಕಿದ ಮೇಲೆ ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು, ಅದೂ ಮದುವೆಯ ದಿನದಿಂದಲ್ಲ, ಜನವರಿ 1ರಿಂದ. ನನ್ನ ಎನ್‌ಆರ್‌ಒ ಖಾತೆಯಲ್ಲಿ (ಅನಿವಾಸಿಗಳು ಭಾರತದಲ್ಲಿ ಇಡುವ ರೂಪಾಯಿ ಖಾತೆ) ಒಂದು ಎಫ್‌ಡಿ ಇತ್ತು. ಅದರ ರಸೀದಿಗಳೆಲ್ಲ ಅಪ್ಪನ ಬೀರುವಿನಲ್ಲಿ. ಫೋನ್ ಮಾಡಿ ಬಡ್ಡಿ ಎಷ್ಟು ಬಂತು ಅಂತ ಕೇಳಿದರೆ, "ಯಾಕೋ, ದುಡ್ಡು ಬೇಕಿತ್ತಾ?" ಅಂದರು. ಅಮೆರಿಕ ಸರ್ಕಾರಕ್ಕೆ ಬೇಕಂತೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬ್ಯಾಂಕು ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಐಆರ್‌ಎಸ್‌ಗೆ ಬೇಕಾದದ್ದು ಜನವರಿಯಿಂದ ಡಿಸೆಂಬರ್. ಆ ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿದೆ. ಮೂರು ತಿಂಗಳಿಗೊಮ್ಮೆ ಬಡ್ಡಿ ಜಮಾ ಆದ ಸಾಲುಗಳನ್ನೂ, ಅದರ ಕೆಳಗೇ ಟಿಡಿಎಸ್ ಮುರಿದ ಸಾಲುಗಳನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ ಕೂಡಿಸಿದೆ. ಬಡ್ಡಿ 90,000 ರೂಪಾಯಿ ಆಸುಪಾಸು. ಆ ವರ್ಷದ ಸರಾಸರಿ ಡಾಲರ್ ದರದಲ್ಲಿ 1,075 ಡಾಲರ್. ಅದಕ್ಕೆ 12 ಪರ್ಸೆಂಟ್ ಅಂದರೆ 129 ಡಾಲರ್ ಟ್ಯಾಕ್ಸ್.

ಎನ್‌ಆರ್‌ಒ ಬಡ್ಡಿಗೆ ಅಲ್ಲಿ ಸೆಸ್ ಸೇರಿ 31.2 ಪರ್ಸೆಂಟ್ ಟಿಡಿಎಸ್ ಹೋಗಿರುತ್ತದೆ. ಹಾಗಾದರೆ ಇಲ್ಲಿ ಫಾರಿನ್ ಟ್ಯಾಕ್ಸ್ ಕ್ರೆಡಿಟ್ (ಬೇರೆ ದೇಶಕ್ಕೆ ಕಟ್ಟಿದ ಟ್ಯಾಕ್ಸನ್ನು ಇಲ್ಲಿನದರಲ್ಲಿ ಕಳೆಯುವುದು) ತಗೊಂಡು 129 ಡಾಲರನ್ನೂ ಉಳಿಸಬಹುದಲ್ವಾ? ಆಗುವುದಿಲ್ಲ. ಭಾರತದಲ್ಲಿ ನನಗೆ ಬೇರೆ ಆದಾಯವಿಲ್ಲ, ಅಲ್ಲಿ ಐಟಿಆರ್-2 ರಿಟರ್ನ್ ಹಾಕಿದರೆ ಆ ಟಿಡಿಎಸ್ ಪೂರ್ತಿ ವಾಪಸ್ ಬರುತ್ತದೆ. ವಾಪಸ್ ಬರಬೇಕಾದ ದುಡ್ಡಿಗೆ ಇಲ್ಲಿ ಕ್ರೆಡಿಟ್ ಕೇಳುವಂತಿಲ್ಲ. ಅಲ್ಲಿ ರೀಫಂಡ್ ತಗೊಂಡು ಇಲ್ಲಿ 129 ಕಟ್ಟುವುದೇ ಸರಿಯಾದ ದಾರಿ. ಎಲ್ಲ ಕೂಡಿ ಕಳೆದು ಜಂಟಿಯಿಂದ ನಮಗೆ ಉಳಿದದ್ದು 840 ಡಾಲರ್. ಊರಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿ ಇರುವವರು ಮಾತ್ರ ಈ ಹೆಜ್ಜೆ ಇಡುವ ಮೊದಲು ಎರಡು ಸಲ ಯೋಚಿಸಿ. ಅಮೆರಿಕದ ಕಣ್ಣಲ್ಲಿ ಅವು 'ಪಿಫಿಕ್' (ಒಂದು ಬಗೆಯ ವಿದೇಶಿ ಹೂಡಿಕೆ ಕಂಪನಿ), ಅವುಗಳಿಗೆ ಫಾರ್ಮ್ 8621 ಅಂತ ಬೇರೆಯೇ ತಲೆನೋವಿದೆ. ನನ್ನ ಹತ್ತಿರ ಅವಿರಲಿಲ್ಲ. ಇದ್ದಿದ್ದರೆ ಸುಮ್ನೆ ಒಬ್ಬ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕ) ಹತ್ತಿರ ಹೋಗುತ್ತಿದ್ದೆ.

ಹೇಳಿಕೆಗೆ ಫಾರ್ಮ್ ಏನೂ ಇಲ್ಲ, ಬಿಳಿ ಹಾಳೆ ಸಾಕು. ವರ್ಷದ ಕೊನೆಯ ದಿನ ನಮ್ಮಲ್ಲಿ ಒಬ್ಬರು ನಾನ್‌ರೆಸಿಡೆಂಟ್, ಇನ್ನೊಬ್ಬರು ಸಿಟಿಜನ್ ಆಗಿದ್ದೆವು, ಇಡೀ ವರ್ಷಕ್ಕೆ ಇಬ್ಬರನ್ನೂ ರೆಸಿಡೆಂಟ್ ಎಂದು ಪರಿಗಣಿಸಬೇಕೆಂದು ಆರಿಸಿಕೊಂಡಿದ್ದೇವೆ ಅಂತ ಬರೆದು, ಇಬ್ಬರ ಹೆಸರು, ವಿಳಾಸ, ಸೋಶಿಯಲ್ ಸೆಕ್ಯುರಿಟಿ ನಂಬರ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ನಾವು ಪ್ರಿಂಟ್ ತೆಗೆದು ರಿಟರ್ನಿಗೆ ಸೇರಿಸಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆವು. ಇಲಿನಾಯ್ ರಿಟರ್ನ್ ಕೂಡ ಜಂಟಿಯಾಗಿಯೇ ಹಾಕಿದೆವು.

ಆ ಒಂದು ಹಾಳೆಯ ಭಾರ ಜಾಸ್ತಿ. ಅದು ಒಂದು ವರ್ಷಕ್ಕಲ್ಲ, ರದ್ದು ಮಾಡುವವರೆಗೂ ಮುಂದಿನ ವರ್ಷಗಳಿಗೂ ಅನ್ವಯಿಸುತ್ತದೆ. ಒಮ್ಮೆ ರದ್ದು ಮಾಡಿದರೆ ಇಬ್ಬರೂ ಮತ್ತೆಂದೂ ಈ ಆಯ್ಕೆ ಮಾಡುವ ಹಾಗಿಲ್ಲ. ಏಪ್ರಿಲ್ 15ರ ಗಡುವು ದಾಟಿದ ಮೇಲೆ ಜಂಟಿಯನ್ನು ಬೇರೆ ಬೇರೆಯಾಗಿ ಬದಲಾಯಿಸಲೂ ಆಗುವುದಿಲ್ಲ. ಆದರೆ ಬೇರೆ ಬೇರೆ ಹಾಕಿದವರು ಸಾಮಾನ್ಯವಾಗಿ ಮೂರು ವರ್ಷದೊಳಗೆ 1040-ಎಕ್ಸ್ ಅನ್ನುವ ತಿದ್ದುಪಡಿ ರಿಟರ್ನ್ ಹಾಕಿ ಜಂಟಿಗೆ ಬರಬಹುದು. ತೀರ್ಮಾನಕ್ಕೆ ಬರಲಾಗದಿದ್ದರೆ ಬೇರೆ ಬೇರೆ ಹಾಕಿ, ಆಮೇಲೆ ನೋಡಿಕೊಳ್ಳಿ ಅಂತ ನಾನು ಹೇಳುವುದು ಇದಕ್ಕೇ.

ಒಪಿಟಿಯಲ್ಲಿ (ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ಕೆಲಸ ಮಾಡುವ ಗೆಳೆಯನೊಬ್ಬ ಕೇಳಿದ, "ರೆಸಿಡೆಂಟ್ ಆದರೆ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ 7.65 ಪರ್ಸೆಂಟ್ ಮುರಿಯಲ್ವಾ?" ಇಲ್ಲ. ಈ ಆಯ್ಕೆ ಇನ್‌ಕಮ್ ಟ್ಯಾಕ್ಸಿಗೆ ಮಾತ್ರ. ಐದು ವರ್ಷದೊಳಗಿನ ಎಫ್-1 ವಿದ್ಯಾರ್ಥಿಗೆ ಆ ವಿನಾಯಿತಿ ಹಾಗೇ ಇರುತ್ತದೆ.

ವಿದೇಶಿ ಖಾತೆಗಳ ಎಫ್‌ಬಾರ್ ವರದಿಯೂ ಹೀಗೆಯೇ. ನನ್ನ ಎಫ್‌ಡಿ 10,000 ಡಾಲರ್ ಮಿತಿ ದಾಟಿತ್ತು. ಆದರೂ 2024ಕ್ಕೆ ನಾನು ಅದನ್ನು ಹಾಕಬೇಕಿರಲಿಲ್ಲ, ಏಕೆಂದರೆ ಎಫ್‌ಬಾರ್ ನಿಯಮ 6013(ಜಿ) ಆಯ್ಕೆಯನ್ನು ಪರಿಗಣಿಸುವುದಿಲ್ಲ. 1040ರ ಜೊತೆ ಹೋಗುವ ಶೆಡ್ಯೂಲ್ ಬಿಯಲ್ಲಿ ವಿದೇಶಿ ಖಾತೆ ಇದೆಯಾ ಅನ್ನುವ ಪ್ರಶ್ನೆಗೆ ಮಾತ್ರ 'ಹೌದು' ಅಂತ ಗುರುತು ಹಾಕಿದೆ. ಗ್ರೀನ್ ಕಾರ್ಡ್ ಬಂದ ವರ್ಷದಿಂದ ಈ ವಿನಾಯಿತಿ ಇಲ್ಲ. ಹಾಗಾಗಿ ಶಿವಮೊಗ್ಗದ ಮದುವೆಗೆ ಹೋದಾಗ ಅಪ್ಪನ ಬೀರುವಿನಲ್ಲಿದ್ದ ರಸೀದಿಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಂಡು ಬಂದೆ.